ಗಾಳಿಗೆದುರಾಗಿ ಗ್ಯಾಲನ್ನಿಗೆ ಎಷ್ಟು

ಜನವರಿ ೧೧, ಬೆಳಿಗ್ಗೆ

ಮತ್ತೆ ಗಾಳಿ. ವಯೋಮಿಂಗಿನಲ್ಲಿ ಗಾಳಿ ಸುದ್ದಿಯಲ್ಲ, ಆದರೂ ಬರೆಯುತ್ತೇನೆ. ವೃದ್ಧಾಶ್ರಮದ ಅಡುಗೆಮನೆಗೆ ಹೋಗುವ ಮೊದಲು ಲವೋನ್‌ಳ ಕೆಫೆಯಲ್ಲಿ ಕಾಫಿ. ಕೌಂಟರಿನಲ್ಲಿ ಅದೇ ಮೂವರು — ಅಪ್ಪ, ಗಸ್, ಆರ್ವಿಲ್. ದಾಳ ಉರುಳಿಸುತ್ತಿದ್ದರು. ಸೋತವನು ಎಲ್ಲರ ಕಾಫಿಗೂ ಕೊಡಬೇಕು. ಬಾಯಲ್ಲಿ ಮಾತ್ರ ಯಾರೂ ಸೋಲುವುದಿಲ್ಲ.

"ನನ್ನ ಪಿಕಪ್ಪು ಗ್ಯಾಲನ್ನಿಗೆ ಇಪ್ಪತ್ತು ಮೈಲಿ ಕೊಡುತ್ತೆ," ಅಂದ ಗಸ್.

"ಇಪ್ಪತ್ತಾ? ಗುಜರಿಗೆ ಹಾಕು ಅದನ್ನ," ಅಂದ ಅಪ್ಪ. "ನಂದು ಇಪ್ಪತ್ತೆರಡು. ಹಿಂದೆ ಟ್ರೇಲರ್ ಕಟ್ಟಿದ್ರೂ."

"ಕಟ್ಟಿದ್ರೂನಾ? ಹಂಗಾದ್ರೆ ಇಳಿಜಾರಲ್ಲಿ ಟ್ಯಾಂಕಿಗೆ ಪೆಟ್ರೋಲು ವಾಪಸ್ ಬರುತ್ತೇನೋ ಹಾರ್ಲನ್!" ಅಂದ ಆರ್ವಿಲ್.

ನಕ್ಕರು. ನಾನೂ ನಕ್ಕೆ. ಇಲ್ಲಿ ಹುಟ್ಟಿದವರು ಇಂಥದ್ದು ಕಿವಿಗೆ ಬಿದ್ದ ಕೂಡಲೇ ಮನಸ್ಸಿನಲ್ಲೇ ಅರ್ಧ ಕಳೆದುಬಿಡುತ್ತಾರೆ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಗಂಡಸಿನ ಗಾಡಿಯ ಮೈಲೇಜು ಕೆದಕುವುದೂ ಒಂದೇ, ಅವನ ಗಂಡಸುತನ ಕೆದಕುವುದೂ ಒಂದೇ. ಆದರೆ ಒಂದು ಮರ್ಯಾದೆಯಿದೆ: ದಾರಿ ಹೊರಟವನು ಕೇಳಿದರೆ ನಿಜ ಹೇಳಬೇಕು. ಜಂಭ ಕೌಂಟರಿಗೆ, ನಿಜ ರಸ್ತೆಗೆ.

ಜನವರಿ ೧೫

ನನ್ನ ಗಂಡ ಡೆಸ್‌ನ ಕಾಲು ನೆಲದ ಮೇಲಿಲ್ಲ. ಕ್ಯಾಸ್ಪರ್ ಪಟ್ಟಣದ ಚರ್ಚೊಂದು ಹಳೆಯ ಪಿಯಾನೋ ಪುಕ್ಕಟೆ ಕೊಡುತ್ತದಂತೆ. ಇವನು ಪಾಠ ಹೇಳುವ ಶಾಲೆಯ ಮಂಡಳಿ ಸಂಗೀತಕ್ಕೆ ಕಾಸಿಲ್ಲ ಅಂದಿತು. ಅದೇ ಸಭೆಯಲ್ಲಿ ಫುಟ್‌ಬಾಲ್ ಮೈದಾನಕ್ಕೆ ಹೊಸ ದೀಪ! ಇವನು ಜಗಳ ಆಡಲಿಲ್ಲ. ಪಿಯಾನೋ ಹುಡುಕಿದ. ನಾನಾಗಿದ್ದರೆ ಮೇಜು ಗುದ್ದುತ್ತಿದ್ದೆ.

"ನಿಮ್ಮಪ್ಪನ ಪಿಕಪ್ ಕೇಳಿದೀನಿ ರೋಡಾ. ಡಬ್ಬಿ ಟ್ರೇಲರೂ. ಶನಿವಾರ ಹೋಗಿ ಬರ್ತೀನಿ."

"ನನಗೆ ಶನಿವಾರ ಡ್ಯೂಟಿ ಕಣೋ. ಗಾಳಿ ಬೇರೆ. ಪೆಟ್ರೋಲ್ ಎಲ್ಲಿ ಹಾಕಿಸ್ಬೇಕು ಅಂತ ಅಪ್ಪನ್ನೇ ಕೇಳ್ಕೋ, ಗಾಡಿ ಅವನದು."

"ಕೇಳ್ತೀನಮ್ಮ ತಾಯಿ. ನಮ್ಮ ಮಿಲ್ವಾಕಿ ಪಟ್ಟಣದಲ್ಲೂ ರಸ್ತೆಗಳಿದ್ವು."

ಮದುವೆಯಾದ ಮೇಲೆ ಇಲ್ಲಿ ಇದು ಅವನ ಮೊದಲ ಚಳಿಗಾಲ. ಕಾಲುಚೀಲ ಎರಡು ಜೊತೆ ಹಾಕಿಕೊಂಡು ಮಲಗುತ್ತಾನೆ. ಆದರೂ ನನ್ನ ಬೆನ್ನಿಗೆ ಹಿಮಗಡ್ಡೆಯಂಥ ಪಾದ...

ಜನವರಿ ೧೭, ಮಧ್ಯಾಹ್ನ

ಕ್ಯಾಸ್ಪರಿನಿಂದ ಫೋಟೋ ಕಳಿಸಿದ್ದಾನೆ. ಪಿಯಾನೋದ ನಟ್ಟನಡುವಿನ ಎರಡು ಬಿಳಿ ಕೀಗಳಿಲ್ಲ. "ಹಲ್ಲುದುರಿದ ಅಜ್ಜಿನ ಕರ್ಕೊಂಡು ಬರ್ತಿದೀನಿ, ಸೂಪ್ ಮಾಡಿಡು" ಎಂದು ಕೆಳಗೆ ಬರೆದಿದ್ದಾನೆ. ಆಶ್ರಮದ ಮುದುಕಿಯರಿಗೆಲ್ಲ ತೋರಿಸಿದೆ.

ಗಾಳಿ ಜೋರಾಯಿತು. ಮನೆಗೆ ಬಂದು ಸೂಪಿಗೆ ಇಟ್ಟೆ—

ಫೆಬ್ರವರಿ ೨

ಮಣ್ಣು ಮಾಡಿ ಆಯಿತು. ಹೆಪ್ಪುಗಟ್ಟಿದ ನೆಲವನ್ನು ಯಂತ್ರದಿಂದ ಅಗೆದರು.

ಷೆರೀಫನ ಕಡೆಯವನು ಹೇಳಿದ್ದನ್ನು ಬರೆದಿಡುತ್ತೇನೆ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ. ಸೇಜ್ ಕ್ರಾಸಿಂಗ್‌ನ ಪೆಟ್ರೋಲ್ ಬಂಕ್ ದಾಟಿದ ಮೇಲೆ ರಸ್ತೆ ಪಶ್ಚಿಮಕ್ಕೆ ತಿರುಗುತ್ತದೆ. ಅಲ್ಲಿಂದ ನಮ್ಮೂರಿನವರೆಗೆ ರಸ್ತೆ ಪಕ್ಕ ಬಂಕಿಲ್ಲ, ಮನೆಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಎದುರುಗಾಳಿ. ಟ್ಯಾಂಕ್ ಬತ್ತಿತು. ಎಂಜಿನ್ ನಿಂತರೆ ಹೀಟರ್ ಎಲ್ಲಿ? ಡೆಸ್ ಗಾಡಿ ಬಿಟ್ಟು ನಡೆದ. ದೂರದಲ್ಲೊಂದು ದನದ ಫಾರ್ಮಿನ ದೀಪ ಕಂಡಿರಬೇಕು. ಹಿಮ ಸರಿಸುವ ಗಾಡಿಯವನಿಗೆ ಸಿಕ್ಕಿದ್ದು, ಬೇಲಿಯ ಬುಡದಲ್ಲಿ.

ಪಿಯಾನೋಗೆ ಒಂದು ಗೀರೂ ಆಗಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್, ಆಲೂಗಡ್ಡೆ. ನನ್ನ ಬೆನ್ನ ಹಿಂದೆಯೇ ಮಾತು.

"ಗಾಡಿ ಬಿಟ್ಟು ಇಳೀತಾರಾ ಯಾರಾದ್ರೂ? ಪಟ್ಟಣದವನು, ಪಾಪ."

"ಹಾರ್ಲನ್ ಬಡ್ಕೊಂಡಿದ್ನಂತೆ, ಕ್ರಾಸಿಂಗಲ್ಲಿ ತುಂಬಿಸ್ಕೋ ಅಂತ. ಕೇಳ್ಬೇಕಲ್ಲ?"

ಅಪ್ಪನ ಕಡೆ ನೋಡಿದೆ. ತಟ್ಟೆ ನೋಡುತ್ತಿದ್ದ. ಡೆಸ್ ಮಾತು ಕೇಳದವನಲ್ಲ. ಹೇಳಿದ್ದನ್ನೆಲ್ಲ ಕೇಳುವವನು. ಅದೇ ಅವನ...

ಫೆಬ್ರವರಿ ೯

ಲವೋನ್ ಬಂದಳು. ಕೈಯಲ್ಲಿ ಬೇಯಿಸಿದ ನೂಡಲ್ಸ್ ತಟ್ಟೆ. ಕೋಟು ಬಿಚ್ಚಲಿಲ್ಲ.

"ಡೆಸ್‌ಗೆ ಎಚ್ಚರಿಸಿದ್ದೆ ಅಂತ ನಿಮ್ಮಪ್ಪ ಷೆರೀಫಿಗೆ ಹೇಳಿದ್ದು ನಿಜ ಅಲ್ಲ ಕಣೇ. ಅವತ್ತು ನಾನು ಅಲ್ಲೇ ಇದ್ದೆ, ಕಾಫಿ ಸುರೀತಾ."

ಡೆಸ್ ಕೇಳಿದ್ದನಂತೆ. ಆದರೆ ಕೌಂಟರಿನಲ್ಲಿ, ಎಲ್ಲರೆದುರು. "ಹಾರ್ಲನ್, ಒಂದೇ ಟ್ಯಾಂಕಲ್ಲಿ ಹೋಗಿ ಬರಬಹುದಾ?" ಅಪ್ಪನ ಕೈಯಲ್ಲಿ ದಾಳ. ಗಸ್, ಆರ್ವಿಲ್ ಕಿವಿ ನೆಟ್ಟಗೆ.

"ಹೋಗಿ ಬಾ ಮೇಷ್ಟ್ರೇ. ಬಂದ ಮೇಲೂ ಉಳಿಯುತ್ತೆ, ನನ್ನ ಮಗಳನ್ನ ಸಿನಿಮಾಕ್ಕೆ ಕರ್ಕೊಂಡು ಹೋಗು."

ಎಲ್ಲರೂ ನಕ್ಕರಂತೆ. ಡೆಸ್ ಥ್ಯಾಂಕ್ಸ್ ಹೇಳಿ ಹೊರಟನಂತೆ. ರಸ್ತೆಯ ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಲ್ಲಿ ಕೇಳಿದ್ದರಲ್ಲಿ ಅರ್ಧ ಕಳೆಯಬೇಕೆಂದೂ.

"ಯಾಕೆ ಹೇಳ್ಲಿಲ್ಲ ಲವೋನ್, ಇಷ್ಟು ದಿನ?"

"ನಾಳೆನೂ ಅವರಿಗೇ ಕಾಫಿ ಸುರೀಬೇಕಲ್ಲೇ ನಾನು."

ಫೆಬ್ರವರಿ ೧೦

ನಿದ್ದೆಯಿಲ್ಲ. ಸಿಟ್ಟು ಇದೆ.

ಆ ಗಾಡಿ ಕೊಂಡ ದಿನ ಕಿಟಕಿಗೆ ಚೀಟಿ ಅಂಟಿಸಿದ್ದರು. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ ಇಪ್ಪತ್ತನಾಲ್ಕು. ಎಲ್ಲಿ ಅಳೆದರು ಇದನ್ನು? ಕೋಣೆಯೊಳಗೆ, ಉರುಳೆಗಳ ಮೇಲೆ ಚಕ್ರ ತಿರುಗಿಸಿ! ಅಲ್ಲಿ ಬಿರುಗಾಳಿಯಿಲ್ಲ. ಹಿಂದೆ ಗೋಡೆಯಂಥ ಟ್ರೇಲರ್ ಇಲ್ಲ. ಟಿವಿಯ ಜಾಹೀರಾತಿನಲ್ಲಿ ಮಾತ್ರ ಬೆಟ್ಟ, ಹಿಮ, ಹತ್ತು ಆನೆ ಎಳೆಯುವ ಗಂಡಸು. ಅಳೆಯುವುದು ಬೆಚ್ಚಗಿನ ಕೋಣೆಯಲ್ಲಿ, ಮಾರುವುದು ಬೆಟ್ಟ ತೋರಿಸಿ. ಕೆಳಗೆ ಸಣ್ಣಕ್ಷರದಲ್ಲಿ 'ನಿಮ್ಮ ಅನುಭವ ಬೇರೆ ಇರಬಹುದು'. ಹೌದು ಸ್ವಾಮಿ, ನನ್ನ ಅನುಭವ ಬೇರೆ ಇದೆ. ಸಮಾಧಿ ಗುಡ್ಡದ ಮೇಲಿದೆ, ಬಂದು ನೋಡಿ.

ಸುಳ್ಳಿಗೂ ಮೆಟ್ಟಿಲುಗಳಿವೆ ಈ ದೇಶದಲ್ಲಿ. ಮೇಲೆ ಕಂಪನಿ, ಸೂಟು ಹಾಕಿಕೊಂಡು. ಕೆಳಗೆ ನನ್ನಪ್ಪ, ದಾಳ ಹಿಡಿದುಕೊಂಡು. ನಂಬಿದವನೊಬ್ಬನೇ ಹಿಮದಲ್ಲಿ ನಡೆದ. ಅವನನ್ನೇ ಈಗ ಮೂರ್ಖ ಅನ್ನುತ್ತಿದ್ದಾರೆ.

ಅಪ್ಪನ ಬಾಯಿಂದಲೇ ನಿಜ ಬರಬೇಕು. ಅದು ಬಿಟ್ಟು ನನಗೆ ಇನ್ನೇನೂ ಬೇಡ.

ಫೆಬ್ರವರಿ ೧೪, ಸಂಜೆ

ಬೆಳಿಗ್ಗೆ ಅಪ್ಪನ ಮನೆಗೆ ಹೋದೆ. ಅವನ ಗಾಡಿಗೆ ನಾನೇ ಅದೇ ಟ್ರೇಲರ್ ಕಟ್ಟಿದೆ. ಒಳಗೆ ಮೇವಿನ ಮೂಟೆ ತುಂಬಿಸಿದೆ. ಟ್ಯಾಂಕ್ ಭರ್ತಿ ಮಾಡಿದೆ.

"ಗಾಡಿ ಹತ್ತು ಅಪ್ಪ. ಕ್ಯಾಸ್ಪರಿಗೆ ಹೋಗಿ ಬರೋಣ."

"ಏನಕ್ಕೆ?"

"ಸುಮ್ನೆ. ಒಂದೇ ಟ್ಯಾಂಕಲ್ಲಿ."

ಮುಖ ನೋಡಿದ. ಹತ್ತಿದ. ಬಲವಂತ ಮಾಡಲಿಲ್ಲ ನಾನು. ಹೋಗುವಾಗ ಗಾಳಿ ಬೆನ್ನಿಗೆ. ಮುಂದಿನ ಪರದೆಯಲ್ಲಿ ಇನ್ನೆಷ್ಟು ಮೈಲಿ ಹೋಗಬಹುದೆಂದು ದೊಡ್ಡ ಅಂಕಿ. ಧಾರಾಳ. ಡೆಸ್ ಕಂಡದ್ದೂ ಅದೇ ಧಾರಾಳ. ಕ್ಯಾಸ್ಪರಿನಲ್ಲಿ ಇಳಿಯಲಿಲ್ಲ, ತಿರುಗಿಸಿದೆ. ಸೇಜ್ ಕ್ರಾಸಿಂಗ್‌ನ ಬಂಕ್ ಕಂಡಿತು.

"ನಿಲ್ಲಿಸು," ಅಂದ ಅಪ್ಪ.

"ಯಾಕೆ?"

"ಪೆಟ್ರೋಲ್ ಹಾಕಿಸ್ಬೇಕು."

"ಸಾಕಾಗುತ್ತೆ ಅಂತ ತೋರಿಸ್ತಿದೆಯಲ್ಲ."

"ಅದು ಬಂದ ದಾರಿ ಲೆಕ್ಕ. ಮುಂದೆ ಎದುರುಗಾಳಿ ಅಂತ ಅದಕ್ಕೆ ಗೊತ್ತಿಲ್ಲ. ಅದು ಸುಳ್ಳು ಹೇಳುತ್ತೆ."

"ಅದೊಂದೇನಾ?"

ಬಂಕಿನ ದಾರಿ ಹತ್ತಿರ ಬಂತು. ವೇಗ ಇಳಿಸಲಿಲ್ಲ ನಾನು.

"ರೋಡಾ, ನಿಲ್ಲಿಸೇ! ಮನೆ ಮುಟ್ಟಲ್ಲ ಇದು! ಮುಟ್ಟಲ್ಲ ಕಣೇ!"

ನಿಲ್ಲಿಸಿದೆ. ಬಂಕಿನೊಳಗಲ್ಲ, ರಸ್ತೆಯ ಅಂಚಿಗೆ. ಗಾಳಿಗೆ ಗಾಡಿ ಅಲುಗುತ್ತಿತ್ತು.

"ನಿಜವಾಗ್ಲೂ ಎಷ್ಟು ಕೊಡುತ್ತೆ ಅಪ್ಪ? ಟ್ರೇಲರ್ ಕಟ್ಟಿ, ಗಾಳಿಗೆದುರಾಗಿ?"

ಪರದೆಯ ಅಂಕಿಯನ್ನು ಅಂಗೈಯಿಂದ ಮುಚ್ಚಿದ.

"ಒಂಬತ್ತು. ಕೆಟ್ಟ ದಿನ ಎಂಟು."

"ಅವನಿಗೆ ಯಾಕೆ ಹೇಳ್ಲಿಲ್ಲ?"

"ಎಲ್ಲರೂ ಇದ್ರು... ಆರ್ವಿಲ್ ನಗ್ತಿದ್ದ... ಅವನು ಹಾಕಿಸ್ಕೊತಾನೆ ಅಂದ್ಕೊಂಡೆ. ಯಾರಾದ್ರೂ ಹಾಕಿಸ್ಕೊತಾರೆ ಅಲ್ವೇನೇ? ನನ್ನ ಮಾತು ಯಾರು ನಂಬ್ತಾರೆ?"

"ಅವನು ನಂಬ್ದ."

ಮುದುಕ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಅಪ್ಪ ಅತ್ತದ್ದನ್ನು ಅಮ್ಮ ಸತ್ತಾಗಲೂ ಕಂಡಿರಲಿಲ್ಲ. ಅಪ್ಪಿಕೊಳ್ಳಬೇಕೆನಿಸಲಿಲ್ಲ. ಹೊಡೆಯಬೇಕೆಂದೂ. ಇಳಿದು ನಾನೇ ಹೋಗಿ ಡಬ್ಬದಲ್ಲಿ ಪೆಟ್ರೋಲ್ ತಂದೆ.

ಫೆಬ್ರವರಿ ೧೮

ಅಪ್ಪ ಷೆರೀಫನ ಹತ್ತಿರ ಹೋಗಿ ಹೇಳಿಕೆ ತಿದ್ದಿಸಿದ. ಆಮೇಲೆ ಕೆಫೆಗೂ ಹೋದನಂತೆ. ನಿಂತುಕೊಂಡೇ ಹೇಳಿದನಂತೆ — ನಾನು ಎಚ್ಚರಿಸಿರಲಿಲ್ಲ, ಹುಡುಗ ಕೇಳಿದ್ದ, ನಾನು ಸುಳ್ಳು ಹೇಳಿದೆ. ದಾಳ ಯಾರೂ ಮುಟ್ಟಲಿಲ್ಲ, ಅಂದಳು ಲವೋನ್. ಗಸ್ ಎದ್ದು ಹೊರಗೆ ಹೋದನಂತೆ.

ಬೇಕಾಗಿದ್ದು ಸಿಕ್ಕಿತು. ಅಡುಗೆಮನೆಯಲ್ಲಿ ಕೂತಿದ್ದೇನೆ. ಗೆದ್ದವಳ ಹಾಗೆ ಒಂದಿಷ್ಟೂ ಅನ್ನಿಸುತ್ತಿಲ್ಲ.

ಎಂಜಿನ್ ನಿಂತಾಗ ಅವನು ಏನು ಅಂದುಕೊಂಡಿರುತ್ತಾನೆ? ನನಗೆ ಗೊತ್ತು ಅವನು. ಅಪ್ಪನನ್ನು ಬೈದಿರುವುದಿಲ್ಲ. ನಾನೇ ಏನೋ ತಪ್ಪು ಓಡಿಸಿದೆ, ನನಗೇ ಬರುವುದಿಲ್ಲ ಅಂದುಕೊಂಡೇ ನಡೆದಿರುತ್ತಾನೆ. ಬೇಲಿಯವರೆಗೂ ತನ್ನನ್ನೇ ಬೈದುಕೊಳ್ಳುತ್ತ.

ತಪ್ಪು ಅವನದಲ್ಲ. ಈಗ ಷೆರೀಫನಿಗೆ ಗೊತ್ತು. ಕೆಫೆಗೆ ಗೊತ್ತು. ಊರಿಗೆಲ್ಲ ಗೊತ್ತು. ಡೆಸ್, ನಿನಗೊಬ್ಬನಿಗೆ ಗೊತ್ತಾಗಲಿಲ್ಲ.