ನಿಮ್ಮ ಹೆಸರಲ್ಲಿ ಬಂದ ಕಳ್ಳ

ಅಪ್ಪಾ,

ನೀವು ದುಡಿದ ಇಲಾಖೆಯ ಕಂಪ್ಯೂಟರ್‌ಗಳಿಗೆ ಕನ್ನ ಬಿತ್ತು. ಕಳ್ಳ ಎಲ್ಲಿಂದ ನುಗ್ಗಿದ ಅಂತ ಹುಡುಕೋದು ನನ್ನ ಕೆಲಸ, ಹುಡುಕಿದೆ. ನಿಮ್ಮ ಲಾಗಿನ್‌ನಿಂದಲೇ ಬಂದಿದ್ದ. ನೀವು ತೀರಿಕೊಂಡು ವರ್ಷಗಳಾದರೂ ನಿಮ್ಮ ಕಚೇರಿಯ ಸಾಹೇಬರು ಅದನ್ನು ಮುಚ್ಚಿಸಿರಲಿಲ್ಲ. ತಾವು ಒಪ್ಪಿಗೆ ಕೊಡಲು ಹೆದರುವ ಕಡತಗಳಿಗೆಲ್ಲ ನಿಮ್ಮ ಹೆಸರಲ್ಲಿ ಒಪ್ಪಿಗೆ ಒತ್ತುತ್ತಿದ್ದರು. ಪಾಸ್‌ವರ್ಡ್ ಇಡೀ ಕಚೇರಿಗೆ ಗೊತ್ತಿತ್ತು. ಥೂ!

"ನಿಮ್ಮ ತಂದೆಯೇ ಯಾರಿಗೋ ಪಾಸ್‌ವರ್ಡ್ ಕೊಟ್ಟಿದ್ರು ಅಂತ ವರದಿ ಬರೆದುಬಿಡಿ ಮೇಡಂ. ಹೋದವರಿಗೆ ಏನಾಗುತ್ತೆ?" ಅಂದರು ಸಾಹೇಬರು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ.

ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡಿ, ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದವರು ನೀವು.

ವರದಿ ಅವರು ಹೇಳಿದ ಹಾಗೇ ಹೋಯಿತು. ಅದರ ಕೆಳಗಿನ ಸಹಿ ಯಾರದು ಅಂತ ನೀವು ಕೇಳೋ ಹಾಗಿಲ್ಲ. ಅದೇ ನನ್ನ ಪುಣ್ಯ.