ಓಟಿನ ಚೀಟಿಯಲ್ಲಿ ಗಾಡಿ ಇರಲಿಲ್ಲ

ಅಣ್ಣಾ,

ಕ್ಷೇಮವೇ ಎಂದು ಕೇಳಿದರೆ ನೀನು ನಗುತ್ತೀಯ, ಅದಕ್ಕೇ ಕೇಳುವುದಿಲ್ಲ. ನಾನು ನಿನ್ನ ತಂಗಿ ಲಲಿತ, ಮತ್ತಿಗಿರಿಯ ನನ್ನ ಗಂಡನ ಮನೆಯ ಅಡುಗೆಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಲೆಯ ಮೇಲೆ ಹುರುಳಿ ಬೇಯುತ್ತಿದೆ. ನೀನು ಹೋಗಿ ನಾಲ್ಕು ವರ್ಷವಾಗುತ್ತ ಬಂತು. ಇಷ್ಟು ದಿನ ಒಂದಕ್ಷರ ಬರೆಯದವಳು ಈಗ ಯಾಕೆ ಕೂತಿದ್ದೇನೆ ಅಂದರೆ, ಹೋದ ವಾರ ಅಮ್ಮ ಒಂದು ಮಾತು ಆಡಿದಳು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. "ಊರೇ ನನ್ ಕೈಬಿಡ್ತು ಕಣೇ" ಅಂತ ನೀನು ಹೇಳುತ್ತಲೇ ಕಣ್ಣು ಮುಚ್ಚಿದೆಯಲ್ಲ, ಅದೇ ವಿಷಯ. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಈ ಸಲವಾದರೂ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನಮ್ಮೂರಿಗೆ ಹತ್ತಿರದ ತಳಿಯ ಟೆಂಟು ಸಿನಿಮಾ ನೆನಪಿದೆಯಾ? ನೀನಾಗ ಹೈಸ್ಕೂಲು, ನಾನಿನ್ನೂ ಲಂಗ ಹಾಕುತ್ತಿದ್ದವಳು. ಪರದೆಯ ಮೇಲೆ ಆ ತಮಿಳು ಹೀರೋ ಬಂದ ಕೂಡಲೇ ಮುಂದೆ ಮರಳಲ್ಲಿ ಕೂತ ಹುಡುಗರು ಎದ್ದು ಕರ್ಪೂರ ಹಚ್ಚುತ್ತಿದ್ದರು. ಎಲೆಕ್ಷನ್ ಬಂದಾಗ ಅದೇ ಹುಡುಗರು ಅದೇ ಮುಖದ ಪೋಸ್ಟರು ತಂದು ನಮ್ಮೂರ ಗೋಡೆಗೆಲ್ಲ ಮೈದಾ ಗಂಜಿ ಬಳಿದರು. "ಸಿನಿಮಾದಾಗೆ ಬಡವ್ರಿಗೆ ಅನ್ನ ಇಕ್ದ ಅಂತ ಓಟ್ ಆಕ್ತಾರಲ್ಲೇ, ಇವ್ರಿಗೇನ್ ಬಂದೈತೆ ದೊಡ್ಡ ರೋಗ!" ಅಂತ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಮರುಳು ಅವರಿಗೆ ಮಾತ್ರ, ನಾವು ಕನ್ನಡದವರು ಹಾಗೆಲ್ಲ ಮೋಸ ಹೋಗುವುದಿಲ್ಲ ಅಂತ ನಿನಗೆ ಅದೆಂಥ ಜಂಬ ಇತ್ತು!

ಪಂಚಾಯ್ತಿಗೆ ಟಿವಿ ಬಂದ ದಿನ ನೀನು ಹೊಸೂರಿನ ಫ್ಯಾಕ್ಟರಿಗೆ ರಜೆ ಹಾಕಿ ಊರಿಗೆ ಬಂದಿದ್ದೆ. ಅದು ನಮ್ಮೂರಿಗೇ ಬರಬೇಕು ಅಂತ ಆಫೀಸಿಂದ ಆಫೀಸಿಗೆ ಅಲೆದವನೂ ನೀನೇ, ಬೊಂಬಿಗೆ ಆಂಟೆನಾ ಕಟ್ಟಿ ಸೂರು ಹತ್ತಿದವನೂ ನೀನೇ. ಮದ್ರಾಸಿನ ಕಡೆ ತಿರುಗಿಸಿದರೆ ಬರೀ ಚುಕ್ಕಿ, ಬೆಂಗಳೂರಿನ ಕಡೆ ತಿರುಗಿಸಿದರೆ ಅಚ್ಚುಕಟ್ಟಾಗಿ ಮುಖ, ಜೊತೆಗೆ ಕನ್ನಡ. "ಆಫೀಸ್ನಾಗೆ ತಮಿಳು, ಬಸ್ಸಿನ ಬೋರ್ಡ್ ತಮಿಳು. ಸಂಜೆ ಒಂದೊತ್ತಾದ್ರೂ ನಮ್ ಮಾತು ಕಿವಿಗ್ ಬೀಳ್ಲಿ ಬಿಡು" ಅಂದೆ. ಅಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು ಎದುರಿಗೆ ಕೂತಳು. ವಾರ್ತೆ ಓದುವವಳು ಒಂದೊಂದೇ ಊರಿನ ಹೆಸರು ಹೇಳುತ್ತಿದ್ದರೆ ಅಮ್ಮ, "ನಮ್ಮೂರ್ ಎಸ್ರು ಇನ್ನೂ ಬರ್ಲಿಲ್ವಲ್ಲೋ" ಅಂತ ಕಾದಳು. ಗಡಿಯ ಈಚೆ ತಮಿಳುನಾಡಿಗೆ ಸೇರಿದ ನಮ್ಮೂರು ಆ ಪಟ್ಟಿಯಲ್ಲಿ ಯಾವತ್ತೂ ಬರುವುದಿಲ್ಲ ಅಂತ ಅವಳಿಗೆ ಯಾರು ತಾನೇ ಹೇಳಿದೆವು?

ಕನ್ನಡದ ಮೇಷ್ಟ್ರು ಕೆಲಸದಿಂದ ನಿವೃತ್ತರಾಗುವ ವರ್ಷ ನೀನು ಉಡುಪು ಬದಲಿಸುವುದನ್ನೂ ಮರೆತು ಓಡಾಡಿದೆ. ಅವರ ಜಾಗಕ್ಕೆ ಇನ್ನೊಬ್ಬರು ಬರದಿದ್ದರೆ ನಮ್ಮೂರ ಶಾಲೆಯ ಕನ್ನಡ ತರಗತಿ ಮುಚ್ಚುತ್ತದೆ, ಮಕ್ಕಳೆಲ್ಲ ತಮಿಳಿಗೆ ಹೋಗಬೇಕು. ತಳಿ ಆಯಿತು, ಹೊಸೂರು ಆಯಿತು, ಕೃಷ್ಣಗಿರಿ ಆಯಿತು. ಎಲ್ಲಿ ಹೋದರೂ "ಆಳ್ ಇಲ್ಲೀಂಗ", ಜನ ಇಲ್ಲ ಅನ್ನುವ ಒಂದೇ ಉತ್ತರ. ಕೊನೆಗೆ ರೇಗಿ, "ಕೇಳೋರ್ ಮಾತ್ ನಡೆಯಲ್ಲ, ಒಳಗ್ ಕೂತೋರ್ ಮಾತೇ ನಡೆಯೋದು. ನಾನೇ ನಿಂತ್ಕೊತೀನಿ" ಅಂದೆ. ಅಸೆಂಬ್ಲಿಗೆ! ಹಿಂದೆ ಪಕ್ಷವಿಲ್ಲ, ಮುಂದೆ ಜೀಪಿಲ್ಲ. ಗೆಲ್ಲುತ್ತೀನಿ ಅಂತ ನೀನೂ ನಂಬಿರಲಿಲ್ಲ, ಅದು ನನಗೆ ಗೊತ್ತು. ನಮ್ಮೂರು, ಸುತ್ತಲಿನ ಹಳ್ಳಿಗಳು ಒಟ್ಟಾಗಿ ನಿನಗೆ ಓಟು ಹಾಕಿದರೆ ಅದನ್ನು ನೋಡಿಯಾದರೂ ಒಬ್ಬ ಮೇಷ್ಟ್ರನ್ನು ಕೊಡುತ್ತಾರೆ ಅನ್ನುವುದು ನಿನ್ನ ಲೆಕ್ಕ. ನಿನಗೆ ಕೊಡೆ ಗುರುತು ಸಿಕ್ಕಿತು. ಬಿಸಿಲಲ್ಲೂ ಕೊಡೆ ಬಿಚ್ಚಿ ಹಿಡಿದುಕೊಂಡು ಮನೆ ಮನೆ ಹತ್ತಿ ಇಳಿದೆ.

ಒಂದು ಸಂಜೆ ನೀನು ಪಂಚಾಯ್ತಿ ಅಂಗಳದಲ್ಲಿ ಮಾತಾಡಲು ಬಂದಾಗ ನಾನೂ ಇದ್ದೆ. ಊರಿಗೆ ಊರೇ ಅಲ್ಲಿ ಕೂತಿತ್ತು, ಆದರೆ ಟಿವಿ ಕಡೆ ಮುಖ ಮಾಡಿಕೊಂಡು. "ಸೊಲ್ಪ ತಡ್ಕಳಪ್ಪ ಮುನಿರಾಜ, ಆಡು ಬತ್ತಾ ಐತೆ" ಅಂದಳು ಬಾವಿಮನೆ ಗೌರಕ್ಕ. ನೀನು ಕೊಡೆ ಮಡಿಸಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತೆ. ಹಾಡು ಮುಗಿಯಿತು, ಇನ್ನೊಂದು ಹಾಡು ಬಂತು. ಅದು ಮುಗಿಯಿತು, ವಾರ್ತೆ ಬಂತು. ಊರಿಗೆ ಟಿವಿ ತಂದುಕೊಟ್ಟವನು ಅದರ ಪಕ್ಕದಲ್ಲಿ ಪೂಜೆಗೆ ಕರೆಯದ ಪೂಜಾರಿಯ ಹಾಗೆ ನಿಂತಿದ್ದೀಯ! ನನಗೆ ಎದ್ದು ಹೋಗಿ ಅದರ ಕಿವಿ ತಿರುಪಿ ಆರಿಸಬೇಕು ಅನ್ನಿಸಿತು. ನೀನು ಕಣ್ಣಲ್ಲೇ ಬೇಡ ಅಂದೆ.

ಆ ವಾರ್ತೆ ಆದಮೇಲೆ ತಾನೇ ಟಿವಿಯಲ್ಲಿ ಗಾಡಿಯವನು ಬಂದದ್ದು? ಗಡಿಯಾಚೆಯೂ ಅದೇ ಸಮಯಕ್ಕೆ ಚುನಾವಣೆ. ಕರ್ನಾಟಕದ ಒಬ್ಬ ನಾಯಕ, ಎತ್ತಿನ ಗಾಡಿ ಗುರುತಿನವನು, ಪರದೆಯ ಮುಂದೆ ಕೂತು ಕೈಮುಗಿದು ಭಾಷಣ ಮಾಡಿದ. ಹಳ್ಳಿ ಹಳ್ಳಿಗೂ ಕನ್ನಡ ಶಾಲೆ, ಶಾಲೆಗೊಬ್ಬ ಮೇಷ್ಟ್ರು ಅಂದ. ನಮ್ಮ ಹೆಂಗಸರು ಕಣ್ಣು ಮಿಟುಕಿಸದೆ ಕೇಳಿದರು. "ಈವಯ್ಯ ನಮ್ಮೋನ್ ಕಣೇ, ನಮ್ಮಂಗೇ ಮಾತಾಡ್ತಾನೆ" ಅಂದಳು ಗೌರಕ್ಕ. "ಅಕ್ಕಾ, ಅದು ಬ್ಯಾರೆ ರಾಜ್ಯ, ನಮ್ದಲ್ಲ" ಅಂತ ನೀನು ಬಿಡಿಸಿ ಹೇಳಲು ಹೋದೆ. "ಬೆಂಗ್ಳೂರೇನ್ ಬ್ಯಾರೆ ದೇಶವೇನ್ಲಾ? ನಮ್ ಸೇವಂತಿಗೆ ಊವು ದಿನಾ ಓಗಲ್ವಾ ಅಲ್ಲಿನ್ ಮಾರ್ಕೆಟ್ಗೆ?" ಅಂತ ನಿನ್ನ ಬಾಯಿ ಮುಚ್ಚಿಸಿದಳು. ಎಲ್ಲರೂ ನಕ್ಕರು, ನೀನೂ ನಕ್ಕೆ. ಇತ್ತ ನಮ್ಮ ಕ್ಷೇತ್ರದ ದೊಡ್ಡ ಅಭ್ಯರ್ಥಿ, ಚಕ್ರದ ಗುರುತಿನವನು, ನಮ್ಮೂರಿಗೆ ಕಾಲೇ ಇಡಲಿಲ್ಲ. ಒಂದು ವ್ಯಾನು ಕಳಿಸಿದ, ಅದರೊಳಗೂ ಒಂದು ಟಿವಿ. ಆ ಪಕ್ಷದ ಸಿನಿಮಾ ಹೀರೋ ಇಪ್ಪತ್ತು ಮಂದಿಯನ್ನು ಒಬ್ಬನೇ ಹೊಡೆದುರುಳಿಸುವ ಚಿತ್ರ ತೋರಿಸಿ ವ್ಯಾನು ಹೊರಟುಹೋಯಿತು.

ನಮ್ಮೂರ ಓಟಿನ ಪೆಟ್ಟಿಗೆ ತೆರೆದ ದಿನ ನೀನು ಎಣಿಕೆಯ ಜಾಗದಿಂದ ನೇರ ನಮ್ಮನೆಗೆ ಬಂದೆ. ನೀರು ಕೊಟ್ಟರೆ ಕುಡಿಯಲಿಲ್ಲ. "ಸುತ್ತಲ ಊರು ಓಗ್ಲಿ ಬಿಡು ಲಲ್ತಾ. ನಮ್ಮೂರ್ ಪೆಟ್ಗೇಲೇ ಕೊಡೆ ಇಲ್ಲ. ಎಲ್ಲಾ ಚಕ್ರ. ಮುಖಾನೂ ತೋರಿಸ್ದಿದ್ದೋನ್ಗೆ..." ಅಂದೆ. ಆಮೇಲೆ ನೀನು ಊರಿನವರ ಮುಖ ನೋಡಲಿಲ್ಲ. ಹಬ್ಬಕ್ಕೂ ಹೊಸೂರಲ್ಲೇ ಉಳಿದೆ. ಶಾಲೆಯ ಮಾತೆತ್ತಿದರೆ "ಅವ್ರಿಗೇ ಬ್ಯಾಡ್ದಿದ್ದು ನಂಗ್ಯಾಕೆ" ಅಂದೆ. ಮರುವರ್ಷ ಕಾಮಾಲೆ ಹಿಡಿದಾಗ ಗೌರಕ್ಕ ನೆಲನೆಲ್ಲಿ ಅರೆದುಕೊಂಡು ಹೊಸೂರಿನ ನಿನ್ನ ಬಾಗಿಲಿಗೆ ಬಂದಳು. ನೀನು ಗೋಡೆಯ ಕಡೆ ಮಗ್ಗುಲು ತಿರುಗಿದೆ. ಔಷಧಿ ಹೊಟ್ಟೆಗೆ ಹೋಗುತ್ತೆ ಕಣೋ, ಆದರೆ ಎದ್ದು ಬದುಕಬೇಕು ಅನ್ನುವ ಮನಸ್ಸನ್ನು ಯಾರು ಅರೆದು ಕುಡಿಸಬೇಕಿತ್ತು? ಆ ಕೋಪ ನನಗಿನ್ನೂ ಇಳಿದಿಲ್ಲ, ನಿನ್ನ ಮೇಲೂ, ಊರಿನ ಮೇಲೂ.

ಹೋದ ವಾರ ಅಮ್ಮ ನನ್ನ ಮನೆಗೆ ಬಂದಳು, ಇನ್ನೂ ಇಲ್ಲೇ ಇದ್ದಾಳೆ. ಮತ್ತೆ ಚುನಾವಣೆ ಬಂದಿದೆ, ಮತ್ತೆ ಅದೇ ಗಾಡಿಯವನು ಟಿವಿಯಲ್ಲಿ ಕೈಮುಗಿಯುತ್ತಿದ್ದಾನೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ, "ಥೂ, ಇವನ್ಗೇ ಅಲ್ವಾ ನಾವೆಲ್ಲ ಓಟ್ ಒತ್ತಿದ್ದು! ಗೆದ್ಬುಟ್ಟು ಒಂದ್ ಇಸ್ಕೂಲ್ ಕೊಡ್ಲಿಲ್ಲ ನೋಡು, ಪಾಪಿ" ಅಂದಳು.

ನಾನು ಸೌಟು ಕೆಳಗಿಟ್ಟು ಕೇಳಿದೆ, "ಇವನ್ಗೆ ಎಂಗಮ್ಮ ಒತ್ತಿದ್ರಿ? ಅಣ್ಣನ್ ಗುರ್ತು ಕೊಡೆ ಅಲ್ವಾ?"

"ಕೊಡೆ ಅಂತ ಎತ್ತ ತಾಯಿಗ್ ಗೊತ್ತಿಲ್ವಾ? ಮುನಿರಾಜ ಕೇಳೋನು ಕಣೇ, ಕೊಡೋನು ಈವಯ್ಯ. ನಾವು ಈವಯ್ಯನ್ನ ಗೆಲ್ಸಿದ್ರೆ ಅವ್ನೇ ಇಸ್ಕೂಲ್ ಕೊಡ್ತಾನೆ, ನನ್ ಮಗ ಆಫೀಸ್ ಆಫೀಸ್ ಅಲಿಯೋದ್ ತಪ್ತದೆ ಅಂತ ನಾವ್ ಎಂಗುಸ್ರೆಲ್ಲ ಬಾವಿತಾವ ಮಾತಾಡ್ಕೊಂಡ್ವಿ. ಗಂಡುಸ್ರಿಗೂ ಏಳಿದ್ವಿ."

"ಅಮ್ಮಾ, ಆ ಚೀಟೀಲಿ ಗಾಡಿ ಎಲ್ಲಿತ್ತು?"

"ಗಾಡಿ ಇರ್ಲಿಲ್ಲ. ಚಕ್ರ ಇತ್ತಲ್ಲ. ಪೂರ್ತಿ ಗಾಡಿ ಬರಿಯಾಕ್ ಜಾಗ ಸಾಲ್ದೆ ಚಕ್ರ ಒಂದೇ ಬರ್ದವ್ರೆ ಅಂತ ಗೌರಿ ಏಳಿದ್ಲು."

ಕೇಳಿದೆಯಾ ಅಣ್ಣಾ? ಊರು ನಿನ್ನ ಕೈಬಿಡಲಿಲ್ಲ. ನಿನಗೋಸ್ಕರವೇ ಓಟು ಹಾಕಿತು, ನಿನ್ನ ಶಾಲೆಗೋಸ್ಕರ, ಎಲ್ಲರೂ ಒಂದೇ ಮನಸ್ಸಿನಿಂದ. ನೀನು ಕೇಳಿದ ಒಗ್ಗಟ್ಟನ್ನೇ ಅವರು ಕೊಟ್ಟರು, ನೀನೇ ತಂದಿಟ್ಟ ಪೆಟ್ಟಿಗೆಯಲ್ಲಿ ಕಂಡ ಮನುಷ್ಯನಿಗೆ. ಬೆಂಗಳೂರಲ್ಲಿ ಅವನು ಗೆದ್ದದ್ದೂ ಟಿವಿಯಲ್ಲಿ ಬಂತು, ತಮ್ಮ ಓಟು ಗೆದ್ದಿತು ಅಂತ ಅವರು ಹಿಗ್ಗಿದರು. ನೀನು ಸೋತೆ ಅಂತ ಮಂಕಾಗಿದ್ದೀಯ ಅಂದುಕೊಂಡಳು ಅಮ್ಮ. ಯಾರಿಗೆ ಹಾಕಿದಿರಿ ಅಂತ ನೀನು ಒಂದು ಮಾತು ಕೇಳಿದ್ದರೆ... ಕೇಳಲಿಲ್ಲ. ಅಭಿಮಾನ! ಗಡಿ ಅಂದರೇನು, ಕ್ಷೇತ್ರ ಅಂದರೇನು ಅಂತ ನಾನು ಅಮ್ಮನಿಗೆ ಹೇಳಲು ಬಾಯಿ ತೆರೆದೆ. ಆ ಸುಕ್ಕುಗಟ್ಟಿದ ಮುಖ ನೋಡಿ ಆಗಲಿಲ್ಲ. ನೀನು ಗೋಡೆಗೆ ಮುಖ ಮಾಡಿ ಮಲಗಿದ್ದು ಇದಕ್ಕೇ ಅಂತ ಅವಳಿಗೆ ಹೇಗೆ ಹೇಳಲಿ? ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮೇಷ್ಟ್ರು ಹೋದಮೇಲೆ ಯಾರೂ ಬರಲಿಲ್ಲ ಅಣ್ಣಾ. ಕನ್ನಡ ತರಗತಿ ಮುಚ್ಚಿದರು. ನೀನು ಹೋದಾಗ ನಿನ್ನ ಪಂಚೆಯ ಚುಂಗು ಹಿಡಿದ ಮಗುವಾಗಿದ್ದ ನಿನ್ನ ಮಗಳು ಸವಿತ ಈಗ ಊರಲ್ಲಿ ಅಜ್ಜಿಯ ಜೊತೆ ಇದ್ದು ಅದೇ ಶಾಲೆಯಲ್ಲಿ ತಮಿಳು ಓದುತ್ತಾಳೆ. ಚೂಟಿ, ಥೇಟ್ ನಿನ್ನ ಬಾಯಿ. ಟಿವಿಯ ಕನ್ನಡ ಸಿನಿಮಾದ ಮಾತನ್ನೆಲ್ಲ ಪಟಪಟ ಒಪ್ಪಿಸುತ್ತಾಳೆ, ಕೊನೆಯಲ್ಲಿ ಅಕ್ಷರ ಬಂದರೆ ಮಾತ್ರ "ಅತ್ತೇ, ಏನ್ ಬರ್ದೈತೆ?" ಅನ್ನುತ್ತಾಳೆ.

ಅಜ್ಜಿಯ ಜೊತೆ ಅವಳೂ ಬಂದಿದ್ದಾಳೆ. ಈಗ ಬಂದು ನನ್ನ ಭುಜದ ಮೇಲೆ ಗಲ್ಲ ಊರಿ, "ಯಾರಿಗ್ ಬರೀತಿದ್ದೀಯತ್ತೆ?" ಅಂದಳು. ನಿಮ್ಮಪ್ಪನಿಗೆ ಅಂದೆ. ಹಾಳೆಯ ಹತ್ತಿರಕ್ಕೆ ಬಗ್ಗಿದಳು. ಆಮೇಲೆ, "ಇದ್ರಾಗೆ ನನ್ ಎಸ್ರು ಬರ್ದಿದ್ದೀಯಾ?" ಅಂದಳು. ಬರೆದಿದ್ದೀನಿ, ಹುಡುಕು ಅಂದೆ. ಅಣ್ಣಾ, ಈ ಹಾಳೆಗಳ ಮೇಲೆಲ್ಲ ಬೆರಳಾಡಿಸಿದಳು, ಸಿಕ್ಕಲಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಬೆರಳಿಟ್ಟು, "ಇದಾ?" ಅಂತ ನನ್ನ ಮುಖ ನೋಡಿದಳು. ಅದು ಗೌರಕ್ಕನ ಹೆಸರು. ನಾನು ಹೂಂ ಅಂದೆ, ನಂಬಿದಳು.