ಹಸಿ ಸುಣ್ಣ

ಹಳಿಯಾಳ, ಗುರುವಾರ, ೧೩ ಫೆಬ್ರುವರಿ ೨೦೨೫

ಅತ್ತೆಯ ಮುಖ ನೋಡಲಾಗುತ್ತಿಲ್ಲ.

ರಸ್ತೆ ಅಗಲ ಮಾಡಲು ನಮ್ಮ ಓಣಿಯ ದರ್ಗಾ ಒಡೆಯಬೇಕಂತೆ. ಹಳೆಯದೆಂದು ಖಾತ್ರಿಯಾದರೆ ಉಳಿಸುತ್ತೇವೆ ಎಂದು ಅಧಿಕಾರಿಗಳು ಹೇಳಿದ್ದರು. ಇವತ್ತು ಪುರಾತತ್ವ ಇಲಾಖೆಯ ಸಾಹೇಬರು ನೋಡಲು ಬಂದು ಗೋಡೆ ಮುಟ್ಟಿದರು. ಬೆರಳಿಗೆ ಹಸಿ ಸುಣ್ಣ ಹತ್ತಿತು. "ನಿನ್ನೆ ಮೊನ್ನೆ ಕಟ್ಟಿದ ಹಾಗಿದೆಯಲ್ರೀ" ಎಂದು ನಕ್ಕರು. ದರ್ಗಾ ನೋಡಿಕೊಳ್ಳುವ ರಾಜೇಸಾಬ ಚಾಚಾ, "ಸುಣ್ಣದ ಕೆಳಗ ಕಲ್ಲಿನ್ಯಾಗ ಫಾರ್ಸಿ ಅಕ್ಷರ ಅದಾವ್ರಿ, ನಮ್ಮಜ್ಜ ನೋಡ್ಯಾರ್ರಿ" ಎಂದು ಗೋಗರೆಯುವಷ್ಟರಲ್ಲಿ ಜೀಪು ಹೊರಟೇಬಿಟ್ಟಿತು.

ಸುಣ್ಣ ಬಳಿದದ್ದು ನಮ್ಮ ಅತ್ತೆ. ತಮಗೆ ಮಗ ಹುಟ್ಟಿದಾಗ ಹೊತ್ತ ಹರಕೆ, ಪ್ರತಿವರ್ಷ ಉರುಸಿಗೆ ತೀರಿಸುತ್ತಾರೆ. ಈ ಸಲ ಉರುಸಿನವರೆಗೂ ಕಾಯಲಿಲ್ಲ. "ದೊಡ್ಡ ಸಾಹೇಬ್ರು ಬರ್ತಾರ, ಪೀರಜ್ಜನ ಮನಿ ಹೊಲಸ ಕಾಣಬಾರ್ದು" ಎಂದು ನಿನ್ನೆಯೇ ಬಳಿದು ಬಂದರು. ಏಣಿ ಹಿಡಿದವರು ಇದೇ ಚಾಚಾ. ಯಾರಿಗೂ ತೋಚಲಿಲ್ಲ. ನನಗೂ.

ಅತ್ತೆಯ ಅಂಗೈ ಸುಣ್ಣಕ್ಕೆ ಸುಟ್ಟಿದೆ. ಈಗಷ್ಟೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಕೇಳಿದರು.

"ಸಾಹೇಬ್ರು ಏನಂದ್ರು ಮಧು? ಚೊಲೊ ಕಾಣ್ತಂತೇನ?"

"ಹೊಸಾದರಂಗ ಕಾಣ್ತೈತಿ ಅಂದ್ರು, ಅತ್ತಿ."

ಬಾಯ್ತುಂಬ ನಕ್ಕರು. "ಹಂಗಾದ್ರ ಉರುಸಿಗೆ ಇನ್ನೊಂದು ಕೈ ಸುಣ್ಣ ಹೊಡಿಯೂಣು."